ಕಿರುತೆರೆಯಲ್ಲಿ ಕೊಳ್ಳುವವರೇ ಎಲ್ಲ, ದುಡಿಯುವವರೆಲ್ಲಿ?

ಧಾರಾವಾಹಿ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ಅವೆರಡೂ ಬೆರೆತುಹೋಗಿವೆ. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿರುವ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆಗೆ ಟೆಲಿವಿಷನ್ ಕಾಲಿಟ್ಟದ್ದು ಸಾಮಾನು ಮಾರುವುದಕ್ಕಲ್ಲ.

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ ಆ ಅವಕಾಶ ದೊರೆಯಿತು. ಊರಿಗೊಂದು ಸಾರ್ವಜನಿಕ ಸೆಟ್. ಅದರಲ್ಲಿ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು. ನೋಡುಗನನ್ನು ಅಲ್ಲಿ ಕಲಿಯುವವನೆಂದು ಕಂಡರೇ ಹೊರತು ಗಿರಾಕಿಯೆಂದಲ್ಲ. 1977ರಲ್ಲಿ ಗುಲ್ಬರ್ಗದಲ್ಲೇ ದೂರದರ್ಶನ ಕೇಂದ್ರ ಆರಂಭವಾಯಿತು.

ಗಾಳಿ ತಿರುಗಿದ್ದು 1984ರಲ್ಲಿ. ಜುಲೈ 7ರಂದು ಆರಂಭವಾದ ಹಿಂದಿಯ ‘ಹಮ್ ಲೋಗ್’, ಕುಟುಂಬ ಯೋಜನೆಯ ಸಂದೇಶ ಹೇಳಲೆಂದು ರೂಪುಗೊಂಡ ಧಾರಾವಾಹಿ. ಅದರ ಪ್ರಾಯೋಜಕ ಆಗ ಹೊಸದಾಗಿದ್ದ ಮ್ಯಾಗಿ ನೂಡಲ್ಸ್. ಕೆಳ ಮಧ್ಯಮ ವರ್ಗದ ಮನೆಯೊಂದರ ಕಷ್ಟ ನೋಡುತ್ತ ಜನ ಹೊಸ ತಿಂಡಿಯ ಹೆಸರನ್ನೂ ಕಲಿತರು. ಸಂದೇಶಕ್ಕಿಂತ ಸರಕು ಹೆಚ್ಚು ದೂರ ಹೋಯಿತು.

ಮಾರುಕಟ್ಟೆಯ ಮೋಸವನ್ನು ಪ್ರಶ್ನಿಸಿದ ಧಾರಾವಾಹಿಯೂ ಬಾರದೆ ಇರಲಿಲ್ಲ. 1985ರ ‘ರಜನಿ’ಯಲ್ಲಿ ಪ್ರಿಯಾ ತೆಂಡೂಲ್ಕರ್ ವಹಿಸಿದ ಗೃಹಿಣಿ ಅನ್ಯಾಯ ಕಂಡಲ್ಲಿ ಜಗಳಕ್ಕೆ ನಿಲ್ಲುತ್ತಿದ್ದಳು. ಒಂದು ಕಂತಿನ ವಿರುದ್ಧ ಟ್ಯಾಕ್ಸಿ ಚಾಲಕರು ಪ್ರತಿಭಟಿಸಿದ್ದೂ ಉಂಟು. ಮರುವರ್ಷ, 1986ರಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿತು.

ಆದರೆ ರಜನಿಯ ಲೋಕವೂ ಕೊಳ್ಳುವವರ ಲೋಕವೇ. ಚಿಂಚೋಳಿಯ ತೊಗರಿ ಬೆಳೆಗಾರ ಏಕಕಾಲಕ್ಕೆ ಮಾರುವವನೂ ಹೌದು, ಕೊಳ್ಳುವವನೂ ಹೌದು. ಅಂಗಡಿಯಲ್ಲಿ ಬೇಳೆ ಅಗ್ಗವಾದರೆ ಪೇಟೆಯ ಹೆಂಗಸು ಗೆದ್ದಳು; ಅದೇ ಹೊತ್ತಿಗೆ ಅಡತಿ ಅಂಗಡಿಯಲ್ಲಿ ರೈತ ಸೋತಿರಬಹುದು. ಈ ಎರಡನೆಯ ಲೆಕ್ಕ ಕಥೆಯೊಳಗೆ ಬರುವುದಿಲ್ಲ.

ಉದಯ ಟಿ.ವಿ. 1994ರಲ್ಲಿ ಬಂದ ಮೇಲೆ ಕನ್ನಡ ಧಾರಾವಾಹಿಗಳು ಹೆಚ್ಚಿದವು. ಕ್ರಮೇಣ ಶ್ರೀಮಂತರ ವಿಶಾಲ ಮನೆಗಳೇ ಅನೇಕ ಕಥೆಗಳ ರಂಗಸ್ಥಳವಾದವು. ಆ ಮನೆಗಳಿಗೆ ಬೇಕಾಗುವ ಸಿಮೆಂಟು ವಾಡಿ, ಸೇಡಂ ಭಾಗದಲ್ಲಿ ತಯಾರಾಗುತ್ತದೆ. ಹಾಸುಗಲ್ಲಿಗೆ ಶಹಾಬಾದ್, ಚಿತ್ತಾಪುರದ ಗಣಿಗಳು ಹೆಸರಾಗಿವೆ. ಮಾಲೀಕರ ಆಸ್ತಿ ಜಗಳ ತಿಂಗಳುಗಟ್ಟಲೆ ನಡೆಯುತ್ತದೆ. ಕಾರ್ಖಾನೆಯ ಪಾಳಿ, ಗಣಿಯ ದೂಳು, ಕೂಲಿಯ ಚೌಕಾಶಿ ಮಾತ್ರ ಅಪರೂಪ.

ದುಡಿದು ಬಂದವರು ರಾತ್ರಿ ಅದೇ ಧಾರಾವಾಹಿ ನೋಡುತ್ತಾರೆ. ಅವರ ಕೈ ಕಡೆದ ಕಲ್ಲು ಅಲ್ಲಿ ನೆಲವಾಗಿ ಹೊಳೆಯುತ್ತದೆ. ಆ ಕೈ ಮಾತ್ರ ಕಾಣಿಸುವುದಿಲ್ಲ.