ಬಿಸಿಲು ಕರೆಂಟ್ ಆಗೋದು ಹೇಗೆ? ಆ ಕರೆಂಟ್ ಯಾರದು?

ಹುಬ್ಬಳ್ಳಿಯ ನವನಗರದಲ್ಲಿ ಹೆಸ್ಕಾಂನ ಕೇಂದ್ರ ಕಚೇರಿ ಇದೆ. ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಸೇರಿ ಏಳು ಜಿಲ್ಲೆಗಳಿಗೆ ಕರೆಂಟ್ ಹಂಚುವ ಕಂಪನಿ ಇದು. ಈ ಭಾಗದಲ್ಲಿ ಸೋಲಾರ್ ಬಗ್ಗೆ ಮಾತು ಬಂದಾಗ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಪ್ಯಾನೆಲ್‌ಗೆ ಬೇಕಾದದ್ದು ಬಿಸಿಯೋ, ಬೆಳಕೋ? ಬಹಳ ಮಂದಿ ಬಿಸಿ ಅಂತಾರೆ. ಅದು ನೀರು ಕಾಯಿಸೋ ಸೋಲಾರ್ ಹೀಟರಿನ ಕಥೆ. ಪ್ಯಾನೆಲ್‌ಗೆ ಬೇಕಿರೋದು ಬೆಳಕು.

ಒಳಗೆ ಏನಾಗುತ್ತೆ?

ಪ್ಯಾನೆಲ್ ಅಂದರೆ ಸಾಲಾಗಿ ಜೋಡಿಸಿದ ಸಿಲಿಕಾನ್ ಸೆಲ್‌ಗಳು. ಒಂದೊಂದು ಸೆಲ್‌ನಲ್ಲೂ ಎರಡು ಪದರ. ರಂಜಕ ಬೆರೆಸಿದ ಪದರದಲ್ಲಿ ಎಲೆಕ್ಟ್ರಾನ್ ಹೆಚ್ಚು, ಬೋರಾನ್ ಬೆರೆಸಿದ ಪದರದಲ್ಲಿ ಕೊರತೆ. ಎರಡೂ ಕೂಡುವ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುಗಡೆಯಾಗುತ್ತೆ, ಆ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತೆ. ತಂತಿ ಜೋಡಿಸಿದರೆ ಅದೇ ಕರೆಂಟ್. ಒಂದು ಸೆಲ್‌ನಿಂದ ಸಿಗೋದು ಸುಮಾರು ಅರ್ಧ ವೋಲ್ಟ್ ಮಾತ್ರ. ಅದಕ್ಕೇ ಹತ್ತಾರು ಸೆಲ್ ಬೇಕು.

ಬಿಸಿ ಏರಿದಷ್ಟೂ ಉತ್ಪಾದನೆ ಇಳಿಯುತ್ತೆ. ಸೆಲ್ 25 ಡಿಗ್ರಿ ದಾಟಿದರೆ ಪ್ರತಿ ಡಿಗ್ರಿಗೆ ಸುಮಾರು 0.3ರಿಂದ 0.4 ಶೇಕಡಾ ನಷ್ಟ.

ಮಾಳಿಗೆಯಿಂದ ಮನೆಯೊಳಗೆ

ಪ್ಯಾನೆಲ್ ಕೊಡೋದು ಡಿಸಿ, ಮನೆಗೆ ಬೇಕಾದದ್ದು ಎಸಿ. ಇನ್ವರ್ಟರ್ ಆ ಬದಲಾವಣೆ ಮಾಡುತ್ತೆ. ನಮ್ಮ ಭಾಗದ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ. ಉಳಿದದ್ದು ಲೈನಿಗೆ ಹೋಗುತ್ತೆ, ನೆಟ್ ಮೀಟರ್ ಎರಡೂ ಕಡೆಯ ಲೆಕ್ಕ ಇಡುತ್ತೆ.

"ಕರೆಂಟ್ ಹೋದ್ರ ಸೋಲಾರೂ ಯಾಕ ಬಂದ್ ಆಗ್ತೈತಿ?" ಅಂತ ಕೇಳೋರಿದ್ದಾರೆ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ವ್ಯವಸ್ಥೆ ತಾನಾಗೇ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡೋ ಲೈನ್‌ಮನ್ ಜೀವಕ್ಕೇ ಅಪಾಯ.

ರಾಜಕಾರಣ ಇರೋದು ಇಲ್ಲಿ

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತೆ. ಆದರೆ ಸ್ವಂತ ಮಾಳಿಗೆ ಇರಬೇಕು. ರಾಜ್ಯದ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಾಡಿಗೆ ಮನೆಯವರಿಗೂ ಸಿಗುತ್ತೆ, ಆದರೆ ಬಿಲ್ ಇಲ್ಲದ ಮನೆಗೆ ಪ್ಯಾನೆಲ್ ಹಾಕಿಸೋ ಆಸೆ ಯಾಕೆ ಹುಟ್ಟಬೇಕು? ಎರಡೂ ಒಳ್ಳೆಯ ಯೋಜನೆಗಳೇ, ಆದರೆ ಒಂದಕ್ಕೊಂದು ಹೊಂದಿಕೊಂಡಿಲ್ಲ.

ಇನ್ನೊಂದು ದಾರಿ ಪಾವಗಡದ್ದು. ತುಮಕೂರು ಜಿಲ್ಲೆಯ ಆ ಬರಪೀಡಿತ ತಾಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿ ಭೂಮಿ ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆ. ಭೂಮಿ ಉಳಿಸಿಕೊಂಡ ರೈತನಿಗೆ ಇದು ಆಸರೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಮಾತ್ರ ಗುತ್ತಿಗೆ ಪತ್ರದಲ್ಲಿ ಇರೋದಿಲ್ಲ.

ಬೆಳಕು ಎಲ್ಲರ ಮೇಲೂ ಬೀಳುತ್ತೆ. ಅದನ್ನು ಹಿಡಿಯೋಕೆ ಮಾಳಿಗೆ ಬೇಕು, ಇಲ್ಲಾ ಹೊಲ ಬೇಕು. ಎರಡೂ ಇಲ್ಲದವರಿಗೆ ಪಾಲು ಹೇಗೆ ಅನ್ನೋದನ್ನು ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ಕೇಳಿ.