ಮಠಪತ್ರಿಕೆಯೂ ಶಾಲೆಯ ಟಪಾಲೂ

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದ ನಿಮ್ಮಲ್ಲಿ ಹಲವರು ಇಂದು ತಮ್ಮ ತಮ್ಮ ಊರುಗಳಲ್ಲಿ ಮುಖ್ಯಾಧ್ಯಾಪಕರಾಗಿ, ವಿದ್ಯಾಸಂಸ್ಥೆಗಳ ಕಾರ್ಯದರ್ಶಿಗಳಾಗಿ, ಶಾಲಾ ಸಮಿತಿಗಳ ಸದಸ್ಯರಾಗಿ ಸೇವೆ ಸಲ್ಲಿಸುತ್ತಿರುವಿರಿ. ದರ್ಶನಕ್ಕೆಂದು ಬಂದಾಗ ನೀವು ನಮ್ಮೆದುರು ತೋಡಿಕೊಳ್ಳುವ ಅಳಲು ಬಹುಮಟ್ಟಿಗೆ ಒಂದೇ. ಕಳೆದ ಶ್ರಾವಣದಲ್ಲಿ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು, "ಅಜ್ಜಾರ, ಹುಡುಗರಿಗೆ ಕಲಸೂದು ಕಷ್ಟ ಅಲ್ರಿ. ಇಲಾಖೆಯ ಕಾಗದಕ್ಕ ಉತ್ತರಾ ಬರಿಯೂದ ಕಷ್ಟ ಆಗೇತ್ರಿ" ಎಂದರು. ಬೆಳಿಗ್ಗೆ ಬಂದ ಸುತ್ತೋಲೆಗೆ ಮಧ್ಯಾಹ್ನ ತಿದ್ದುಪಡಿ. ಸಂಜೆಯೊಳಗೆ ಮಾಹಿತಿ ಸಲ್ಲಿಸತಕ್ಕದ್ದೆಂಬ ಆದೇಶ ಕೈಯಲ್ಲಿರುವ ಫೋನಿಗೇ ಬಂದು ಬೀಳುವ ಕಾಲವಿದು. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆವು. ಆದರೆ ಸರಕಾರದ ಕಚೇರಿಯಿಂದ ಶಾಲೆಗೆ ಕಾಗದ ಬರುವ ಪದ್ಧತಿ ನಮ್ಮ ಸೀಮೆಯಲ್ಲಿ ಹೇಗೆ ಬೇರೂರಿತು, ಅದರಿಂದ ಕನ್ನಡಕ್ಕೆ ಏನು ಸಂದಿತು ಎಂಬುದನ್ನು ಅಂದು ಅವರಿಗೆ ಹೇಳುತ್ತ ಕುಳಿತೆವು. ಆ ಮಾತುಕತೆಯೇ ಈ ಲೇಖನಕ್ಕೆ ಮೂಲ.

"ಮಠ" ಎಂಬ ಶಬ್ದದಿಂದಲೇ ತೊಡಗೋಣ. ಮಠವೆಂದರೆ ಛಾತ್ರರೇ ಮೊದಲಾದವರ ನಿವಾಸವೆಂದು ಅಮರಸಿಂಹನು ತನ್ನ ಕೋಶದಲ್ಲಿ ಅರ್ಥ ಹೇಳಿದ್ದಾನೆ. ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವನ್ನು ನೋಡಿರಿ: ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವಿತ್ತು, ದೀನರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಕಾಲಾಂತರದಲ್ಲಿ ಈ ಹಿರಿಯ ಕೇಂದ್ರಗಳು ಕ್ಷೀಣಿಸಿದರೂ ಹಳ್ಳಿಯ ಅಯ್ಯನವರು ಮನೆಯ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಮಕ್ಕಳನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುವುದು ನಿಲ್ಲಲಿಲ್ಲ. ಅದಕ್ಕೆ ನಮ್ಮ ಕಡೆ ಐಗಳ ಮಠವೆಂದರು, ಮೈಸೂರು ಸೀಮೆಯಲ್ಲಿ ಕೂಲಿಮಠವೆಂದರು. ಸಾಲಿಮಠವೆಂಬ ಮನೆತನದ ಹೆಸರು ಇಂದಿಗೂ ಉತ್ತರ ಕರ್ನಾಟಕದಲ್ಲಿ ಉಳಿದಿದೆ. ಶಾಲೆ ಮತ್ತು ಮಠ ಎರಡೂ ಒಂದೇ ಮಾತಿನಲ್ಲಿ ಬೆಸೆದುಕೊಂಡಿರುವ ಇಂಥ ಸಾಕ್ಷ್ಯಕ್ಕೆ ತಾಮ್ರಪಟವೇಕೆ?

ಐಗಳ ಮಠಕ್ಕೆ ಯಾವ ಕಚೇರಿಯ ಕಾಗದವೂ ಬರುತ್ತಿರಲಿಲ್ಲ. ಬಂದದ್ದು ಹೊಸ ವ್ಯವಸ್ಥೆಯ ಮೇಲೆ. 1854ರಲ್ಲಿ ಚಾರ್ಲ್ಸ್ ವುಡ್ ಅವರ ಹೆಸರಿನ ನಿರೂಪವು ವಿಲಾಯತಿಯಿಂದ ಹೊರಟು, ಪ್ರತಿಯೊಂದು ಪ್ರಾಂತದಲ್ಲಿ ವಿದ್ಯಾ ಇಲಾಖೆ, ಶಾಲೆಗಳನ್ನು ತಪಾಸಿಸುವ ಅಧಿಕಾರಿಗಳು, ಖಾಸಗಿ ಶಾಲೆಗಳಿಗೆ ಸಹಾಯಧನ ಎಂಬ ಮೂರು ಸಂಗತಿಗಳನ್ನು ವಿಧಿಸಿತು. ಮುಂಬಯಿ ಪ್ರಾಂತದಲ್ಲಿ 1855ರಲ್ಲಿ ಇಲಾಖೆ ಸ್ಥಾಪಿತವಾಯಿತು. ಧಾರವಾಡ, ಬೆಳಗಾವಿ, ಕಲಾದಗಿ ಭಾಗಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದಿದ್ದರೂ ಕಚೇರಿಯ ಭಾಷೆಯ ಮೇಲೆ ಅದರ ನೆರಳು ಹಾಗೆಯೇ ಇತ್ತು. ಕನ್ನಡ ಮಾತನಾಡುವ ಊರುಗಳಲ್ಲಿ ಸರಕಾರಿ ಶಾಲೆಯೆಂದರೆ ಮರಾಠಿ ಶಾಲೆ. ಮನೆಯಲ್ಲಿ ಕನ್ನಡ, ಹಲಗೆಯ ಮೇಲೆ ಮರಾಠಿ. ಇದರಲ್ಲಿ ಮರಾಠಿಯ ದೋಷವಿಲ್ಲ. ಸಮೃದ್ಧವಾದ ಆ ಭಾಷೆಯಿಂದ ನಮ್ಮ ಹಿರಿಯರು ಬಹಳ ಕಲಿತಿದ್ದಾರೆ. ಆದರೆ ಅರ್ಥವಾಗದ ನುಡಿಯಲ್ಲಿ ಮೊದಲ ಅಕ್ಷರ ಕಲಿಯುವ ಮಗುವಿನ ಪಾಡು ಎಂಥದ್ದೆಂಬುದನ್ನು ಇಂದಿನ ತಾಯಿತಂದೆಗಳಿಗೆ ನಾವು ವಿವರಿಸಬೇಕಾಗಿಲ್ಲ.

ಈ ಸ್ಥಿತಿಯನ್ನು ತಿರುಗಿಸಿದವರಲ್ಲಿ ಅಗ್ರಗಣ್ಯರು ಧಾರವಾಡದ ಚನ್ನಬಸಪ್ಪನವರು. ಪುಣೆಗೆ ಹೋಗಿ ಓದಿ ಬಂದವರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯರಾಗಿ, ಅನಂತರ ವಿದ್ಯಾ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ದುಡಿದವರು. ಹುದ್ದೆಯೇ ಹೆಸರಾಗಿ ನಿಂತು, 1881ರಲ್ಲಿ ಅವರು ಲಿಂಗೈಕ್ಯರಾದ ಮೇಲೆಯೂ ನಾಡು ಅವರನ್ನು ಡೆಪ್ಯುಟಿ ಚನ್ನಬಸಪ್ಪನವರೆಂದೇ ಕರೆಯಿತು. ಸರಕಾರಿ ಹುದ್ದೆಯೊಂದು ಜನರ ಬಾಯಲ್ಲಿ ಪ್ರೀತಿಯ ಹೆಸರಾಗುವುದು ಅಪರೂಪ. ಕನ್ನಡದ ಊರುಗಳಲ್ಲಿ ಕನ್ನಡ ಶಾಲೆಗಳೇ ಇರತಕ್ಕದ್ದೆಂಬ ವಾದವನ್ನು ಅವರು ಮೇಲಿನವರ ಮುಂದೆ ಇಟ್ಟರು. ಅಂದಿನ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್ ರಸೆಲ್ ಸಾಹೇಬರು ಅದಕ್ಕೆ ಕಿವಿಗೊಟ್ಟದ್ದು ನಮ್ಮ ಭಾಗ್ಯ. ಮರಾಠಿ ಶಾಲೆಗಳು ಕನ್ನಡ ಶಾಲೆಗಳಾದವು, ಹೊಸ ಶಾಲೆಗಳು ತೆರೆದವು. ಆದರೆ ಶಾಲೆಯ ಫಲಕ ಬದಲಾದರೆ ಸಾಕೆ? ಕನ್ನಡದಲ್ಲಿ ಪಾಠ ಹೇಳಬಲ್ಲ ಮಾಸ್ತರರೆಲ್ಲಿ? ಅವರಿಗೆ ಭೂಗೋಳವೆಂದರೇನು, ಲೆಕ್ಕವನ್ನು ಹೊಸ ರೀತಿಯಲ್ಲಿ ಹೇಗೆ ಕಲಿಸಬೇಕು ಎಂದು ತಿಳಿಸುವವರಾರು?

1860ರ ದಶಕದ ನಡುವಿನಲ್ಲಿ ಇಲಾಖೆಯ ಆಶ್ರಯದಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿ ಹೊರಟ "ಮಠಪತ್ರಿಕೆ" ಈ ಕೊರತೆಗೆ ದೊರೆತ ಉತ್ತರ. ಹೆಸರನ್ನು ಗಮನಿಸಿರಿ, ವಾಚಕರೇ! ಇದು ಯಾವ ಮಠದ ಪತ್ರಿಕೆಯೂ ಅಲ್ಲ, ಸರಕಾರದ ಪತ್ರಿಕೆ. ಶಾಲೆಗೆ ಜನ ಬಳಸುತ್ತಿದ್ದ ಮಾತು ಮಠವಾದ್ದರಿಂದ ಆ ಹೆಸರು. ಹೊಸದನ್ನು ತರುವಾಗಲೂ ಊರಿನ ಹಳೆಯ ಮಾತಿನಲ್ಲಿಯೇ ಅದನ್ನು ಕರೆದ ವಿವೇಕವನ್ನು ನಾವು ಮೆಚ್ಚುತ್ತೇವೆ. ಮುಂದೆ ಅದು "ಶಾಲಾಪತ್ರಿಕೆ"ಯಾಯಿತು. ವೆಂಕಟ ರಂಗೋ ಕಟ್ಟಿಯವರಂಥ ಸಮರ್ಥರ ಸಂಪಾದಕತ್ವ ಅದಕ್ಕೆ ಲಭಿಸಿತು. ಮುಂಬಯಿ ಪ್ರಾಂತದ ಕನ್ನಡ ಭಾಗದ ಗ್ಯಾಜೆಟಿಯರನ್ನು ಕನ್ನಡದಲ್ಲಿ ಬರೆದು 1893ರಲ್ಲಿ ಹೊರತಂದ ಕಟ್ಟಿಯವರೇ ಇವರು. ಮೋಟಾರು ಕಾಣದ, ಮಳೆಗಾಲದಲ್ಲಿ ಹಳ್ಳ ದಾಟಲಾಗದ ಊರಿನಲ್ಲಿ ಒಬ್ಬನೇ ಕುಳಿತ ಮಾಸ್ತರನಿಗೆ ತನ್ನ ಕಸುಬಿನ ಕುರಿತು ತನ್ನದೇ ನುಡಿಯಲ್ಲಿ ಅಚ್ಚಾದ ಹಾಳೆಗಳು ಟಪಾಲಿನಲ್ಲಿ ಬಂದಾಗ ಹೇಗೆನಿಸಿರಬೇಕು! ಕಚೇರಿಯು ಅವನಿಂದ ಲೆಕ್ಕ ಕೇಳುವುದರ ಜೊತೆಗೆ ಅವನಿಗೆ ಏನನ್ನೋ ಕೊಡುತ್ತಲೂ ಇತ್ತು.

ಈ ಸಮತೂಕ ಬಹುಕಾಲ ಉಳಿಯಲಿಲ್ಲ. ಮುಂಬಯಿ ಪ್ರಾಂತದಲ್ಲಿ ಸಹಾಯಧನವನ್ನು ಪರೀಕ್ಷೆಯ ಫಲಿತಾಂಶದ ಮೇಲೆ ಕೊಡುವ ಕ್ರಮ ಬಂದಿತು. ಸಾಹೇಬರು ಬಂದು ಹುಡುಗರನ್ನು ವಿಷಯವಾರು ಪರೀಕ್ಷಿಸುವರು. ತೇರ್ಗಡೆಯಾದ ತಲೆಗಳನ್ನು ಎಣಿಸಿ ಹಣ ನಿಗದಿ ಮಾಡುವರು. ಅಂದ ಮೇಲೆ ಶಾಲೆಯ ವರ್ಷವೆಲ್ಲ ಆ ಒಂದು ದಿನದ ಕಡೆಗೇ ಮುಖಮಾಡಿತು. ಶೇರಾ ಪುಸ್ತಕದಲ್ಲಿ ಸಾಹೇಬರು ಬರೆಯುವ ನಾಲ್ಕು ಸಾಲು ಮಾಸ್ತರನ ಹಣೆಬರಹವಾಯಿತು. 20ನೆಯ ಶತಮಾನದ ಆರಂಭದಲ್ಲಿ ಈ ಕ್ರಮವನ್ನು ಕೈಬಿಟ್ಟರೂ ಅದು ಕಲಿಸಿದ ಅಂಜಿಕೆ ಶಾಲೆಗಳನ್ನು ಬಿಟ್ಟುಹೋಯಿತೆಂದು ಹೇಳಲಾರೆವು. ಮೈಸೂರು ಸಂಸ್ಥಾನದ ದಾರಿ ತುಸು ಬೇರೆ: ಅಲ್ಲಿ ರೈಸ್ ಸಾಹೇಬರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ತಲೆಯೆತ್ತಿದವು. ಅದನ್ನು ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು.

ಮುಂದಿನದು ಕೈ ಬದಲಾದ ಕಥೆ. 1884ರ ಕಾನೂನಿನಿಂದ ಲೋಕಲ್ ಬೋರ್ಡುಗಳಿಗೆ, 1923ರ ಪ್ರಾಥಮಿಕ ಶಿಕ್ಷಣ ಕಾನೂನಿನಿಂದ ಇನ್ನಷ್ಟು ಹೆಚ್ಚಾಗಿ ಸ್ಥಳೀಯ ಸಂಸ್ಥೆಗಳಿಗೆ ಹೋದ ಅಧಿಕಾರ, 1947ರ ಕಾನೂನಿನ ಹೊತ್ತಿಗೆ ಬಹುಪಾಲು ಮತ್ತೆ ಸರಕಾರದ ಕಡೆ ಹೊರಳಿತು. 1956ರ ನವೆಂಬರ್ 1ರಂದು ಏಕೀಕರಣವಾದಾಗ ಬೇರೆ ಬೇರೆ ಪ್ರಾಂತಗಳ ನಿಯಮಗಳು ಒಂದೇ ರಾಜ್ಯದಲ್ಲಿ ಬಂದು ಕೂಡಿದವು. 1983ರ ಕರ್ನಾಟಕ ಶಿಕ್ಷಣ ಅಧಿನಿಯಮ ಜಾರಿಗೆ ಬಂದದ್ದು 1995ರ ಜನವರಿ 20ರಂದು. 2001ರಲ್ಲಿ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದು, ತಾಯಿತಂದೆಗಳೂ ಕಾಗದ ಓದಬೇಕಾದವರ ಸಾಲಿಗೆ ಸೇರಿದರು. ಇಷ್ಟೆಲ್ಲ ಕೈ ಬದಲಾದರೂ ಆವಕ-ಜಾವಕ ಪುಸ್ತಕ ಮಾತ್ರ ಶಾಲೆಯ ಮೇಜಿನ ಮೇಲೆಯೇ ಉಳಿಯಿತು.

ಇನ್ನು ನಮ್ಮ ತಪ್ಪೊಂದನ್ನು ಹೇಳಿಬಿಡುವೆವು. ಶಾಲೆಯೊಂದರ ಆಡಳಿತ ಹೊತ್ತ ಮೊದಲ ವರ್ಷಗಳವು. ವಿಶ್ವವಿದ್ಯಾಲಯದ ಪದವಿ ನಮಗಿತ್ತು. ಕಾಗದಗಳ ಮೇಲೆ ಔದಾಸೀನ್ಯವೂ ಇತ್ತು. ಹತ್ತನೆಯ ತರಗತಿಯ ಮಕ್ಕಳ ಹೆಸರು, ಜನ್ಮದಿನಾಂಕಗಳ ಪಟ್ಟಿಯನ್ನು ಶಾಲೆಯ ಜನರಲ್ ರಜಿಸ್ಟರಿನೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ತಿದ್ದಿ ಕಳುಹಿಸತಕ್ಕದ್ದೆಂದು ಒಂದು ಸುತ್ತೋಲೆ ಬಂದಿತು. ಜಾತ್ರೆಯ ಗಡಿಬಿಡಿ. ತಾಳೆ ನೋಡಿದೆವೆಂದು ರುಜು ಹಾಕಿ ಕಳುಹಿಸಿದೆವು, ಯಾರೂ ನೋಡಿರಲಿಲ್ಲ. ಒಬ್ಬ ಹುಡುಗನ ಹುಟ್ಟಿದ ವರ್ಷ ಒಂದು ಅಂಕಿ ತಪ್ಪಾಗಿ ಅಚ್ಚಾಯಿತು. ಕೆಲವು ವರ್ಷಗಳ ತರುವಾಯ ಅವನಿಗೆ ನೌಕರಿಯ ಕರೆ ಬಂದಾಗ ಕಾಗದಗಳು ಒಂದಕ್ಕೊಂದು ಹೊಂದಲಿಲ್ಲ. ಕೋರ್ಟಿಗೆ ಅಲೆದು ತಿದ್ದುಪಡಿ ತರುವಷ್ಟರಲ್ಲಿ ಆ ನೌಕರಿ ಹೋಗಿತ್ತು. ಅವನ ತಂದೆ ಹೊಲದಲ್ಲಿ ದುಡಿಯುವವರು. ಮಠಕ್ಕೆ ಬಂದು ನಮಸ್ಕರಿಸಿ, ತಲೆ ತಗ್ಗಿಸಿಯೇ ಅಂದರು: "ನಮಗ ಓದಾಕ ಬರೂದಿಲ್ರಿ ಅಜ್ಜಾರ. ಓದಾಕ ಬರವ್ರು ಒಮ್ಮೆ ನೋಡಿದ್ರ ಆಗ್ತಿತ್ರಿ."

ಅಂದಿನಿಂದ ನಮ್ಮ ಶಾಲೆಯಲ್ಲಿ ಆ ಪಟ್ಟಿ ಬಂದ ದಿನ ಮುಖ್ಯಾಧ್ಯಾಪಕರು ಅದನ್ನು ತರಗತಿಯಲ್ಲಿಯೇ ಗಟ್ಟಿಯಾಗಿ ಓದುತ್ತಾರೆ. ಮಗು ಎದ್ದು ನಿಂತು ತನ್ನ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ ಸರಿಯಿದೆಯೆಂದು ಹೇಳಬೇಕು; ಗುಮಾಸ್ತರು ರಜಿಸ್ಟರು ತೆರೆದಿಟ್ಟುಕೊಂಡು ಪಕ್ಕದಲ್ಲಿ ಕುಳಿತಿರುತ್ತಾರೆ. ನಾವು ಊರಲ್ಲಿದ್ದ ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇವೆ. ಹೋದ ವರ್ಷ ಮೂರು ತಪ್ಪುಗಳು ಸಿಕ್ಕವು.