ಹತ್ತು ಕಂಪನಿ ಮೂರಾದ ಕಥೆ: ಬಿಟಿಸಿಸಿ 2000 (ಭಾಗ 6)

ಮೊದಲ ಫೋಟೋದಲ್ಲಿ ಇರೋದು ಫೋರ್ಡ್ ಮೊಂಡಿಯೊ. ಸ್ವೈಪ್ ಮಾಡಿದ್ರೆ ಎರಡನೇದೂ ಮೊಂಡಿಯೊ, ಮೂರನೇದೂ ಅದೇ. ನಾನು ತಪ್ಪಾಗಿ ಒಂದೇ ಫೋಟೋ ಮೂರು ಸಲ ಹಾಕಿಲ್ಲ. 2000ದ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಮುಗಿದಾಗ ಮೊದಲ ಮೂರು ಸ್ಥಾನವೂ ಫೋರ್ಡ್ ಪಾಲಾಗಿತ್ತು: ಅಲೈನ್ ಮೆನು, ಆಂಥನಿ ರೀಡ್, ರಿಕಾರ್ಡ್ ರೈಡೆಲ್. ಮುಂದಿನ ವರ್ಷ ಫೋರ್ಡ್ ಬರಲೇ ಇಲ್ಲ!

ಗೆದ್ದವರು ಯಾಕೆ ಅಂಗಡಿ ಮುಚ್ಚಿದ್ರು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1994ರಲ್ಲಿ ಇದೇ ಸರಣಿಯಲ್ಲಿ ಹತ್ತು ಕಂಪನಿಗಳ ಕಾರುಗಳು ಓಡಿದ್ವು. ಆಲ್ಫಾ ರೋಮಿಯೊ, ಬಿಎಂಡಬ್ಲ್ಯೂ, ಫೋರ್ಡ್, ಮಾಜ್ಡಾ, ನಿಸ್ಸಾನ್, ಪ್ಯೂಜೊ, ರೆನೋ, ಟೊಯೋಟಾ, ವಾಕ್ಸ್‌ಹಾಲ್, ವೋಲ್ವೊ. (ವಾಕ್ಸ್‌ಹಾಲ್ ಅಂದ್ರೆ ನಮ್ಮಲ್ಲಿ ಓಪಲ್ ಆಸ್ಟ್ರಾ ಮಾರಿದ್ರಲ್ಲ, ಅದೇ ಮನೆಯ ಬ್ರಿಟಿಷ್ ಹೆಸರು.) ವೋಲ್ವೊ ಅಂತೂ ಡಿಕ್ಕಿ ಉದ್ದ ಇರೋ ಎಸ್ಟೇಟ್ ಕಾರನ್ನೇ ರೇಸಿಗೆ ಇಳಿಸಿತ್ತು. ಜನ ನಕ್ಕರು, ಆದ್ರೆ ಎಲ್ಲರಿಗೂ ನೆನಪಿರೋದು ಅದೇ ಕಾರು. ಜಾಹೀರಾತು ಅಂದ್ರೆ ಅದು.

ನಿಯಮ ಸರಳ. ನಾಲ್ಕು ಜನ ಕೂರೋ ಮಾಮೂಲಿ ಫ್ಯಾಮಿಲಿ ಕಾರು, 2 ಲೀಟರ್ ಎಂಜಿನ್, ಟರ್ಬೊ ಇಲ್ಲ, 8500 ಆರ್‌ಪಿಎಂ ಮಿತಿ. ಖರ್ಚು ಕಮ್ಮಿ ಆಗಲಿ ಅಂತಲೇ ಈ ಲೆಕ್ಕ. ಎಂಜಿನ್‌ಗೆ ಮಿತಿ ಹಾಕಿದ್ರು, ಖರ್ಚಿಗೆ ಹಾಕಲಿಲ್ಲ. ಕಥೆ ಕೆಟ್ಟಿದ್ದು ಅಲ್ಲೇ.

ಎಂಜಿನ್ ಶಕ್ತಿ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಆದ್ಮೇಲೆ ಗೆಲ್ಲೋದು ಹೇಗೆ? ಎಂಜಿನ್‌ನ ಆದಷ್ಟು ಕೆಳಗೆ, ಆದಷ್ಟು ಹಿಂದಕ್ಕೆ ಕೂರಿಸು. ಡ್ರೈವರ್ ಸೀಟನ್ನೂ ಹಿಂದಕ್ಕೆ ಸರಿಸು. ಗಾಳಿ ಹರಿಯೋ ರೀತಿ ತಿದ್ದು. ಈ ಕೆಲಸಕ್ಕೆ ರೆನೋ ಕರೆತಂದಿದ್ದು ಫಾರ್ಮುಲಾ ಒನ್‌ನ ವಿಲಿಯಮ್ಸ್‌ನವರನ್ನ, ಫೋರ್ಡ್ ಕೊನೆಗೆ ಹೋಗಿದ್ದು ಪ್ರೊಡ್ರೈವ್ ಹತ್ತಿರ. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಮಾರ್ಜಿನಲ್ ಕಾಸ್ಟ್ ಅಂತ ಬೋರ್ಡ್ ಮೇಲೆ ಗೆರೆ ಎಳೀತಾರಲ್ಲ, ನನಗೆ ಅದು ಅರ್ಥ ಆಗಿದ್ದು ಈ ಕಾರುಗಳಿಂದ. ಮೊದಲ ಒಂದು ಸೆಕೆಂಡ್ ಅಗ್ಗಕ್ಕೆ ಸಿಗುತ್ತೆ. ಕೊನೆಯ ಹತ್ತನೇ ಒಂದು ಸೆಕೆಂಡ್‌ಗೆ ಲೆಕ್ಕ ಮಿಲಿಯನ್ ಪೌಂಡ್‌ನಲ್ಲಿ.

ಒಂದು ಪುರಾವೆ ಸಾಕು. ಕಂಪನಿ ದುಡ್ಡಿಲ್ಲದ ಖಾಸಗಿ ತಂಡ ಒಟ್ಟಾರೆ ರೇಸ್ ಗೆದ್ರೆ 2,50,000 ಪೌಂಡ್ ಬಹುಮಾನ ಅಂತ 1999ರಲ್ಲಿ ಘೋಷಿಸಿದ್ರು. ಅಂದ್ರೆ ಅದು ಅಷ್ಟು ಅಪರೂಪ ಅಂತ ನಡೆಸೋರೇ ಒಪ್ಪಿಕೊಂಡಂಗಾಯ್ತು. ಮ್ಯಾಟ್ ನೀಲ್ ಡಾನಿಂಗ್ಟನ್‌ನಲ್ಲಿ ಗೆದ್ದು ಆ ಚೆಕ್ ತಗೊಂಡೇಬಿಟ್ಟ. ಈ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ರೇಸ್ ಅದು.

ಅಷ್ಟರಲ್ಲಿ ಒಬ್ಬೊಬ್ಬರೇ ಎದ್ದು ಹೋಗ್ತಿದ್ರು. 1995 ಮುಗಿದಾಗ ಟೊಯೋಟಾ, 1996ಕ್ಕೆ ಬಿಎಂಡಬ್ಲ್ಯೂ, 1998ಕ್ಕೆ ಆಡಿ, ಪ್ಯೂಜೊ. 1999ರಲ್ಲಿ ನಿಸ್ಸಾನ್ ಚಾಂಪಿಯನ್‌ಶಿಪ್ ಗೆದ್ದು ಹೊರಟೇ ಹೋಯ್ತು, ಜೊತೆಗೆ ವೋಲ್ವೊ, ರೆನೋ ಕೂಡ. 2000ಕ್ಕೆ ಉಳಿದಿದ್ದು ಫೋರ್ಡ್, ಹೋಂಡಾ, ವಾಕ್ಸ್‌ಹಾಲ್. ಒಂದೊಂದಕ್ಕೆ ಮೂರು ಕಾರು, ಒಟ್ಟು ಒಂಬತ್ತು. ಗ್ರಿಡ್ ಖಾಲಿ ಕಾಣಬಾರದು ಅಂತ ಕ್ಲಾಸ್ ಬಿ ಅಂತ ಇನ್ನೊಂದು ವಿಭಾಗ ಸೇರಿಸಿದ್ರು.

ಹಂಗಂತ ಆ ವರ್ಷದ ಗೆಲುವು ಸುಳ್ಳು ಅಂತ ಹೇಳೋರ ಜೊತೆ ನಾನಿಲ್ಲ. ಆ ಒಂಬತ್ತು ಡ್ರೈವರ್‌ಗಳನ್ನ ನೋಡಿ. ಟಾರ್ಕ್ವಿನಿ (1994), ಮೆನು (1997), ರೈಡೆಲ್ (1998) ಆಗಲೇ ಚಾಂಪಿಯನ್‌ಗಳು. ಪ್ಲೇಟೊ 2001ರಲ್ಲಿ, ಥಾಮ್ಸನ್ 2002ರಲ್ಲಿ, ಮುಲ್ಲರ್ 2003ರಲ್ಲಿ ಆಗೋರು. ಹೋಂಡಾದ ಟಾಮ್ ಕ್ರಿಸ್ಟೆನ್ಸನ್ ಅದೇ ವರ್ಷ ಲೆ ಮಾನ್ ಗೆದ್ದವನು. ಒಂಬತ್ತರಲ್ಲಿ ಆರು ಜನ ಚಾಂಪಿಯನ್‌ಗಳಿರೋ ಗ್ರಿಡ್ ಬಡ ಗ್ರಿಡ್ ಹೇಗಾಗುತ್ತೆ?

ಮೆನು ಅಂತೂ 1994, 95, 96 ಮೂರೂ ವರ್ಷ ಎರಡನೇ ಸ್ಥಾನಕ್ಕೇ ನಿಂತು ಕಾದವನು. 2000ದ ಪಟ್ಟ ಸಿಲ್ವರ್‌ಸ್ಟೋನ್‌ನ ಕೊನೆಯ ಸುತ್ತಿನ ತನಕ ತೀರ್ಮಾನ ಆಗಿರಲಿಲ್ಲ, ಅದೂ ಕತ್ತಲಲ್ಲಿ ಓಡಿಸಿದ ರೇಸ್. ಕೂದಲೆಳೆ ಅಂತರದಲ್ಲಿ ಸೋತಿದ್ದು ಅವನದ್ದೇ ತಂಡದ ರೀಡ್. 1998ರಲ್ಲೂ ಎರಡನೇ ಸ್ಥಾನ, 2000ದಲ್ಲೂ ಎರಡನೇ ಸ್ಥಾನ, ಪಟ್ಟ ಒಂದು ಸಲವೂ ಸಿಗಲಿಲ್ಲ. ಕೊನೇ ಫೋಟೋ ಅವನಿಗಾಗಿ ಹಾಕಿದ್ದೀನಿ.

ಸೀಸನ್ ಮುಗೀತು, ಆ ನಿಯಮಗಳೂ ಹೋದವು. ಮೆನು ಜರ್ಮನಿಯ ಡಿಟಿಎಂಗೆ ಹೋದ, ಓಪಲ್‌ಗೆ. 2001ಕ್ಕೆ ಅಗ್ಗದ ಹೊಸ ನಿಯಮ ಬಂತು, ವಾಕ್ಸ್‌ಹಾಲ್‌ನ ಇಬ್ಬರು ಡ್ರೈವರ್‌ಗಳು ಪಟ್ಟಕ್ಕಾಗಿ ಕಿತ್ತಾಡಿದ್ರು, ಕೊನೆಯ ರೇಸ್‌ನಲ್ಲಿ ಒಬ್ಬನ ಕಾರಿಗೆ ಬೆಂಕಿ ಬಿತ್ತು. ಅದು ಭಾಗ 7ರಲ್ಲಿ. ಇಂಟರ್ನಲ್ಸ್ ಮುಗಿದ್ಮೇಲೆ ಹಾಕ್ತೀನಿ.

#ಕನ್ನಡದಲ್ಲಿ_ರೇಸಿಂಗ್ #ಬಿಟಿಸಿಸಿ